ದೀಪದ ಹೋಲ್ಡರನ್ನು ಬದಲಿಸುವಲ್ಲಿ ಎಚ್ಚರಿಕೆ

ಹೂಲಿಯಲ್ಲಿರುವ ನಮ್ಮ ಮನೆಯ ಪಡಸಾಲೆಯ ದೀಪದ ಹೋಲ್ಡರು ಕಳೆದ ಮಳೆಗಾಲದಲ್ಲಿ ಸುಟ್ಟು ಕಪ್ಪಾಯಿತು. ಬೇರೊಂದನ್ನು ಕೂಡಿಸಬೇಕೆಂದು ಸ್ವಿಚ್ಚನ್ನು ಆರಿಸಿ ಏಣಿಯನ್ನೇರಿದೆವು. ಕೈಯಿಡುವ ಮುನ್ನ ಟೆಸ್ಟರನ್ನು ತಾಗಿಸಲು ಅದು ಮಿನುಗಿತು! ಹಿಂದೆ ಜಂತಿಗಳಿಗೆ ತಂತಿಯೆಳೆದವನು ಸ್ವಿಚ್ಚನ್ನು ಫೇಜಿನಲ್ಲಿಡದೆ ನ್ಯೂಟ್ರಲಿನಲ್ಲಿಟ್ಟಿದ್ದನು. ದೀಪವೇನೋ ಆರಿದ್ದಿತು; 230 ವೋಲ್ಟಿನ ಶಕ್ತಿಯು ಹೋಲ್ಡರಿನಲ್ಲಿಯೇ ಹೊಂಚಿಕೊಂಡಿದ್ದಿತು. ಸಂಸ್ಕೃತದಲ್ಲಿ ವಿದ್ಯುತ್ತೆಂದರೆ ಮಿಂಚೆಂಬುದನ್ನು ನಾವು ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟವರು. ಅದರ ಅರ್ಥವು ಅಂದು ನಮಗೆ ಹೊಳೆಯಿತು.

ಆದುದರಿಂದ ಗೃಹಸ್ಥರು ಗೋಡೆಯ ಸ್ವಿಚ್ಚನ್ನು ನಂಬದೆ ಮೇನ್ ಸ್ವಿಚ್ಚನ್ನೇ ಇಳಿಸತಕ್ಕದ್ದು. ಇನ್‌ವರ್ಟರ್ ಇದ್ದಲ್ಲಿ ಅದನ್ನೂ ನಿಲ್ಲಿಸತಕ್ಕದ್ದು. ಇಲ್ಲವಾದರೆ ಮೇನು ಇಳಿದೊಡನೆ ಅದು ಬ್ಯಾಟರಿಯಿಂದ ತಂತಿಗಳಿಗೆ ಶಕ್ತಿಯನ್ನು ಊಡತೊಡಗುವುದು. ಕರೆಂಟು ಹೋದಾಗ ಭಯವಿಲ್ಲವೆಂದು ಕೈಹಾಕುವವರುಂಟು. ಅದು ಯಾವ ಕ್ಷಣದಲ್ಲಿ ಮರಳೀತೆಂಬುದನ್ನು ಬಲ್ಲವರಾರು? ಟೆಸ್ಟರು ಕೆಟ್ಟಿಲ್ಲವೆಂಬುದನ್ನು ಮೇನು ಇಳಿಸುವ ಮೊದಲೇ ನೋಡಿಕೊಂಡು, ಇಳಿಸಿದ ಬಳಿಕ ಹೋಲ್ಡರಿನ ಎರಡು ತುದಿಗಳಿಗೂ ತಾಗಿಸಬೇಕು. ಒಣ ಚಪ್ಪಲಿ, ಮರದ ಏಣಿ ಇರಲಿ. ನಮ್ಮ ಮನೆಯವರು ಮೇನಿನ ಬಳಿ ಕಾವಲು ನಿಂತಿದ್ದರು. ಮೊಮ್ಮಕ್ಕಳಿರುವ ಮನೆಯಲ್ಲಿ ಇದು ಅವಶ್ಯವು.

ತಂತಿಯ ತುದಿಗಳನ್ನು ತಿರುಪಿನಡಿಯಲ್ಲಿ ಬಿಗಿಯಾಗಿ ಕೂಡಿಸಬೇಕು, ಬರಿಯ ತಾಮ್ರವು ಹೊರಗೆ ಕಾಣಬಾರದು. ಸಡಿಲವಾದ ಕೂಡಿಕೆಯು ಕಾಯುವುದು. ನಮ್ಮ ಹೋಲ್ಡರು ಸುಟ್ಟುದೂ ಹೀಗೆಯೇ. ತಂತಿಯ ಮೇಲ್ಹೊದಿಕೆಯು ಮುಟ್ಟಿದರೆ ಉದುರುವಂತಿದ್ದಲ್ಲಿ ಕೆಲಸವನ್ನು ಅಲ್ಲಿಗೇ ಬಿಡತಕ್ಕದ್ದು.

ಹೋಲ್ಡರನ್ನು ನಾವೇ ಬದಲಿಸಿದೆವು. ಸ್ವಿಚ್ಚಿನ ದೋಷವನ್ನು ಮಾತ್ರ ಮುಟ್ಟಲಿಲ್ಲ. ಪರವಾನಿಗೆಯುಳ್ಳ ಎಲೆಕ್ಟ್ರಿಷಿಯನ್ನನು ಸವದತ್ತಿಯಿಂದ ಬಂದು ಸರಿಪಡಿಸಿದನು.