ಪ್ರಗತಿ ಪತ್ರ ಪಾಲಕರ ಕೈಸೇರಿದ ಬಗೆ

ಶಾಲೆಯಲ್ಲಿ ಒಂದು ಅವಧಿ ಮುಗಿದಾಗ ಮಗು ಎಷ್ಟು ಕಲಿತಿದೆ, ಎಷ್ಟು ದಿನ ತರಗತಿಗೆ ಬಂದಿದೆ, ಎಲ್ಲಿ ಹಿಂದೆ ಬಿದ್ದಿದೆ ಎಂಬುದನ್ನು ಮನೆಗೆ ತಿಳಿಸುವ ದಾಖಲೆಯೇ ಪ್ರಗತಿ ಪತ್ರ. ಕರ್ನಾಟಕದ ಪ್ರೌಢಶಾಲೆಗಳಲ್ಲಿ ವರ್ಷಕ್ಕೆ ಎರಡು ಅವಧಿಗಳು. ಮೇ ಕೊನೆಯಲ್ಲಿ ಆರಂಭವಾಗುವ ಮೊದಲ ಅವಧಿ ದಸರಾ ರಜೆಯ ಹೊತ್ತಿಗೆ ಮುಗಿದರೆ, ಎರಡನೆಯದು ಸಾಮಾನ್ಯವಾಗಿ ಏಪ್ರಿಲ್ 10ಕ್ಕೆ ಮುಗಿಯುತ್ತದೆ. ಆ ದಿನವೇ ಪಾಸು–ಫೇಲಿನ ದಿನ ಎಂಬುದು ನಾಡಿನ ಹಲವು ತಲೆಮಾರುಗಳಿಗೆ ಗೊತ್ತು. ಕಾರ್ಡಿನ ಕೊನೆಯಲ್ಲಿ ವರ್ಗ ಶಿಕ್ಷಕರು, ಮುಖ್ಯಗುರುಗಳು, ಪಾಲಕರು ಹೀಗೆ ಮೂರು ಸಹಿಗಳಿಗೆ ಜಾಗವಿರುತ್ತದೆ. ಮೂರನೆಯ ಸಹಿ ಅಲ್ಲಿ ಬಂದು ಸೇರಲು ದಶಕಗಳೇ ಬೇಕಾದವು.

ಕಾಲೇಜಿಗಾಗಿ ಹುಟ್ಟಿದ ದಾಖಲೆ

1854ರ ವುಡ್ ವರದಿಯ ನಂತರ ಮದ್ರಾಸು, ಮುಂಬಯಿ, ಕಲ್ಕತ್ತಗಳಲ್ಲಿ ವಿಶ್ವವಿದ್ಯಾಲಯಗಳು ಬಂದವು. ಅವುಗಳ ಮೆಟ್ರಿಕ್ಯುಲೇಶನ್ ಪರೀಕ್ಷೆಯೇ ಪ್ರೌಢಶಾಲೆಯ ಗುರಿಯಾಯಿತು. ವಿದ್ಯಾರ್ಥಿ ಪಾಸಾದನೋ ಇಲ್ಲವೋ ಎಂಬ ಒಂದೇ ಸಂಗತಿ ಹೊರಗೆ ತಿಳಿಯುತ್ತಿತ್ತು. ವರ್ಷವಿಡೀ ನಡೆದ ಕಲಿಕೆಗೆ ಅದರಲ್ಲಿ ಲೆಕ್ಕವಿರಲಿಲ್ಲ. 1911ರಲ್ಲಿ ಮದ್ರಾಸ್ ಪ್ರಾಂತ್ಯ ಮೆಟ್ರಿಕ್ಯುಲೇಶನ್ ಬದಲಿಗೆ ಎಸ್ಸೆಸ್ಸೆಲ್ಸಿ ವ್ಯವಸ್ಥೆಯನ್ನು ತಂದಾಗ ಈ ಕ್ರಮ ಬದಲಾಯಿತು. ವಿದ್ಯಾರ್ಥಿಯ ಶಾಲಾ ಅಂಕಗಳೂ ಸಾರ್ವಜನಿಕ ಪರೀಕ್ಷೆಯ ಅಂಕಗಳೂ ಒಂದೇ ಪುಸ್ತಕದಲ್ಲಿ ದಾಖಲಾಗತೊಡಗಿದವು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಮತ್ತು ದಕ್ಷಿಣ ಕನ್ನಡದ ಶಾಲೆಗಳಿಗೆ ಈ ಪುಸ್ತಕ ಬಂತು. ಸ್ವಲ್ಪ ಕಾಲದಲ್ಲೇ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನವೂ ಎಸ್ಸೆಸ್ಸೆಲ್ಸಿಯನ್ನು ಅಳವಡಿಸಿಕೊಂಡಿತು. ಆದರೆ ಈ ದಾಖಲೆಯನ್ನು ಓದುವವರು ಕಾಲೇಜಿನ ಪ್ರಾಂಶುಪಾಲರು ಮತ್ತು ಕೆಲಸ ಕೊಡುವ ಅಧಿಕಾರಿಗಳು. ಅದು ಮನೆಗಾಗಿ ಬರೆದದ್ದಲ್ಲ.

ನಿಜಾಮರ ಆಳ್ವಿಕೆಯ ಕಲಬುರಗಿ

ಮದ್ರಾಸು, ಮೈಸೂರುಗಳಿಗಿಂತ ಬೇರೆಯಾಗಿ, ಕಲಬುರಗಿ ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದು. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುವ ಕುಟುಂಬಕ್ಕೆ ಮಗುವಿನ ಓದಿನ ಸುದ್ದಿ ತಿಳಿಯಬೇಕಾದರೆ ಮಗುವೇ ಹೇಳಬೇಕಿತ್ತು, ಇಲ್ಲವೇ ಮಾಸ್ತರರು ಹೇಳಬೇಕಿತ್ತು. ಈ ಕೊರತೆಯನ್ನು ಖಾಸಗಿ ಸಂಸ್ಥೆಗಳು ಅಷ್ಟಿಷ್ಟು ತುಂಬಿದವು. ನೂತನ ವಿದ್ಯಾಲಯ 1907ರಲ್ಲೇ ಆರಂಭವಾಗಿತ್ತು. 1930ರ ದಶಕದಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರ ದಾಸೋಹಕ್ಕೆ ಅನ್ನದ ಜೊತೆ ಅಕ್ಷರವೂ ಸೇರಿದ್ದು ಹೀಗೆ. ಮಠದ ಜೊತೆ ಭಕ್ತ ಕುಟುಂಬಗಳಿಗೆ ಮೊದಲೇ ನಂಟಿದ್ದುದರಿಂದ ಇಂಥ ಶಾಲೆಗಳಿಗೂ ಮನೆಗಳಿಗೂ ನಡುವಿನ ದೂರ ಸರ್ಕಾರಿ ಶಾಲೆಗಳಲ್ಲಿದ್ದಷ್ಟು ಇರಲಿಲ್ಲ.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ಮದ್ರಾಸ್, ಮುಂಬಯಿ, ಹೈದರಾಬಾದ್, ಮೈಸೂರು, ಕೊಡಗು ಎಂಬ ಐದು ಆಡಳಿತಗಳಲ್ಲಿ ಬೆಳೆದ ಶಾಲೆಗಳನ್ನು ಒಂದೇ ಕ್ರಮಕ್ಕೆ ತರುವ ಕೆಲಸ ಆಮೇಲೆ ನಡೆಯಿತು. 1966ರಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ರಚನೆಯಾಯಿತು.

ಆಯೋಗಗಳ ಸಲಹೆ, ಶಾಲೆಗಳ ರೂಢಿ

ಪ್ರಗತಿಯನ್ನು ಒಂದೇ ಪರೀಕ್ಷೆಯಿಂದ ಅಳೆಯಬಾರದೆಂಬ ಮಾತು ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಕೇಳಿಬಂತು. ಲಕ್ಷ್ಮಣಸ್ವಾಮಿ ಮುದಲಿಯಾರ್ ಅಧ್ಯಕ್ಷತೆಯ ಪ್ರೌಢ ಶಿಕ್ಷಣ ಆಯೋಗ (1952–53) ಪ್ರತಿ ವಿದ್ಯಾರ್ಥಿಗೂ ಕಾಲಕಾಲದ ಸಾಧನೆಯನ್ನು ತೋರಿಸುವ ದಾಖಲೆ ಇರಬೇಕೆಂದಿತು; ಅಂಕಗಳ ಬದಲು ಶ್ರೇಣಿ ಕೊಡುವುದು ಮೇಲೆಂದೂ ಸೂಚಿಸಿತು. ಕೊಠಾರಿ ಆಯೋಗ (1964–66) ಶಾಲೆಯೊಳಗಿನ ಆಂತರಿಕ ಮೌಲ್ಯಮಾಪನಕ್ಕೆ ಒತ್ತು ಕೊಟ್ಟಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ನೀತಿಯಾಗಿಯೇ ಸಾರಿತು.

ಶಾಲೆಗಳಲ್ಲಿ ಮಾತ್ರ ಕಿರು ಪರೀಕ್ಷೆ, ಅರ್ಧವಾರ್ಷಿಕ, ವಾರ್ಷಿಕ ಎಂಬ ಕ್ರಮವೇ ಗಟ್ಟಿಯಾಯಿತು. ದಪ್ಪ ಹಾಳೆಯ ಕಾರ್ಡಿನ ಒಂದು ಬದಿಗೆ ವಿಷಯಗಳು, ಎದುರಿಗೆ ಅಂಕಗಳು, ಕೆಳಗೆ ಹಾಜರಾತಿ. 35ಕ್ಕಿಂತ ಕಡಿಮೆ ಬಂದ ಅಂಕಕ್ಕೆ ಕೆಂಪು ಗೆರೆ. ಸಹಿ ಹಾಕಿಸಿಕೊಂಡು ಬರುವ ಹೊಣೆ ಮಗುವಿನದು. ಅಕ್ಷರ ಬಾರದ ಮನೆಗಳಲ್ಲಿ ಆ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು ಬೀಳುತ್ತಿತ್ತು. ಹೀಗೆ ಕಾರ್ಡು ಮನೆಗೆ ಬಂದರೂ, ಓದಿ ಹೇಳುವವರು ಯಾರ ಪ್ರಗತಿ ಅದರಲ್ಲಿ ಬರೆದಿದೆಯೋ ಅವರೇ ಆಗಿದ್ದರು.

ಪಾಲಕರು ಶಾಲೆಯೊಳಗೆ

ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಎಸ್‌ಡಿಎಂಸಿ ಎಂದು ಹೆಸರಾದ ಈ ಸಮಿತಿಯಲ್ಲಿ ಪಾಲಕರಿಗೆ ಸದಸ್ಯತ್ವ ಸಿಕ್ಕಿತು. ಆಮೇಲೆ ಬಂದ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದಲ್ಲಿ ಪಾಲಕರನ್ನು ಶಾಲೆಗೇ ಕರೆದು ಮಕ್ಕಳ ಕಲಿಕೆಯನ್ನು ತೋರಿಸುವ, ಪ್ರಗತಿ ಪತ್ರವನ್ನು ನೇರವಾಗಿ ಅವರ ಕೈಗೆ ಕೊಡುವ ಪದ್ಧತಿ ಬೆಳೆಯಿತು. ಮಗು ಹೊತ್ತು ತರುತ್ತಿದ್ದ ಸುದ್ದಿಯನ್ನು ಶಿಕ್ಷಕರೇ ಎದುರು ಕೂತು ಹೇಳುವಂತಾಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಯವರೆಗೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕಡ್ಡಾಯ ಮಾಡಿತು. ಕರ್ನಾಟಕದಲ್ಲಿ ಅದು ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಾಗಿ ಜಾರಿಗೆ ಬಂತು. ಶಿಕ್ಷಕರ ಬಾಯಲ್ಲಿ ಅವು ಎಫ್‌ಎ ಮತ್ತು ಎಸ್‌ಎ. ಕಾರ್ಡಿನಲ್ಲಿ ಅಂಕದ ಜಾಗಕ್ಕೆ ಎ ಪ್ಲಸ್‌ನಿಂದ ಸಿವರೆಗಿನ ಶ್ರೇಣಿ ಬಂತು; ಆಟ, ಕಲೆ, ನಡವಳಿಕೆಗಳಿಗೆ ಬೇರೆ ಭಾಗ ಬಂತು. ಎಸ್ಸೆಸ್ಸೆಲ್ಸಿಯಲ್ಲೂ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20 ಆಂತರಿಕ ಅಂಕಗಳು ಸೇರಿ ಒಟ್ಟು 625 ಅಂಕಗಳಾದವು. ಇಷ್ಟಾದರೂ ಅಂಕಕ್ಕೆ ಒಗ್ಗಿದ್ದ ಅನೇಕ ಪಾಲಕರಿಗೆ ಬಿ ಪ್ಲಸ್ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಬಿಡಿಸಿ ಹೇಳಬೇಕಾಯಿತು. ಆ ಶ್ರೇಣಿ 50ರಿಂದ 69ರವರೆಗಿನ ಸಾಧನೆಯನ್ನು ಸೂಚಿಸುತ್ತದೆ.

2016–17ರ ಸುಮಾರಿಗೆ ಬಂದ ಎಸ್‌ಎಟಿಎಸ್ ತಂತ್ರಾಂಶದಿಂದ ಪ್ರತಿ ವಿದ್ಯಾರ್ಥಿಗೂ ಒಂದು ಸಂಖ್ಯೆ ಸಿಕ್ಕಿ, ಹಾಜರಾತಿ ಮತ್ತು ಸಾಧನೆ ಇಲಾಖೆಯ ಗಣಕದಲ್ಲಿ ಸೇರತೊಡಗಿದವು. ಕೋವಿಡ್ ಕಾಲದಲ್ಲಿ ಬೆಳೆದ ವಾಟ್ಸ್‌ಆ್ಯಪ್ ಗುಂಪುಗಳು ಶಾಲೆಯ ಸುದ್ದಿಯನ್ನು ಅವಧಿ ಮುಗಿಯುವವರೆಗೆ ಕಾಯಿಸದೆ ಮನೆಗೆ ಮುಟ್ಟಿಸುತ್ತಿವೆ.

ಫಲಿತಾಂಶವನ್ನು ಮನೆಗೆ ತಿಳಿಸುವುದು ನ್ಯಾಯಾಲಯದ ಮೆಟ್ಟಿಲೇರಿದ್ದೂ ಉಂಟು. 2023–24ರಲ್ಲಿ ರಾಜ್ಯ ಸರ್ಕಾರ 5, 8, 9 ಮತ್ತು 11ನೇ ತರಗತಿಗಳಿಗೆ ಮಂಡಳಿ ಮಟ್ಟದ ಪರೀಕ್ಷೆ ನಡೆಸಿತು. ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದುಪಡಿಸಿದರೆ ವಿಭಾಗೀಯ ಪೀಠ ಅನುಮತಿ ಕೊಟ್ಟಿತು. ಏಪ್ರಿಲ್ 8ರಂದು, ಅಂದರೆ ಅವಧಿ ಮುಗಿಯಲು ಎರಡು ದಿನವಿದ್ದಾಗ, ಸುಪ್ರೀಂ ಕೋರ್ಟ್ ವಿಭಾಗೀಯ ಪೀಠದ ಆದೇಶಕ್ಕೆ ತಡೆ ನೀಡಿ, ಫಲಿತಾಂಶವನ್ನು ಪಾಲಕರಿಗೆ ತಿಳಿಸಬಾರದೆಂದು ಸೂಚಿಸಿತು.

ತಿಳಿಯಬೇಕಾದ ಹೊತ್ತು

ಕಲಬುರಗಿ ಜಿಲ್ಲೆಯಲ್ಲಿ ಪ್ರಗತಿ ಪತ್ರದ ತೂಕ ಹೆಚ್ಚು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 64.85, ರಾಜ್ಯದ ಸರಾಸರಿ ಶೇ 75.36. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಶೇ 42.43 ಫಲಿತಾಂಶದೊಂದಿಗೆ ಜಿಲ್ಲೆ ಕೊನೆಯ ಸ್ಥಾನದಲ್ಲಿತ್ತು. ಮೊದಲ ಸ್ಥಾನದ ದಕ್ಷಿಣ ಕನ್ನಡದ್ದು ಶೇ 91.12. ದುಡಿಮೆಗಾಗಿ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರುಗಳಿಗೆ ಗುಳೆ ಹೋಗುವ ಕುಟುಂಬಗಳಲ್ಲಿ ಮಕ್ಕಳು ಅಜ್ಜ–ಅಜ್ಜಿಯರ ಬಳಿ ಉಳಿಯುತ್ತಾರೆ. ಪಾಲಕರ ಸಭೆಗೆ ಬರುವವರೂ ಅವರೇ. ಕಮಲಾಪುರದಂಥ ಕೃಷಿ ತಾಲ್ಲೂಕಿನಲ್ಲಿ ಡಿಸೆಂಬರ್–ಜನವರಿಯ ತೊಗರಿ ರಾಶಿಯ ಕಾಲಕ್ಕೆ ಸಭೆ ಕರೆದರೆ ಹೊಲ ಬಿಟ್ಟು ಬರುವುದು ಕಷ್ಟ.

ಪಂಚಾಂಗವೂ ಈ ಲೆಕ್ಕಕ್ಕೆ ಸೇರುತ್ತದೆ. ಹೋಳಿ ಹುಣ್ಣಿಮೆಯ ನಂತರದ ಐದನೇ ದಿನ ಶರಣಬಸವೇಶ್ವರರ ರಥೋತ್ಸವ. ಜಾತ್ರೆಯ ಅಂಗಡಿಗಳು ಇನ್ನೂ ಇರುವಾಗಲೇ ಹತ್ತನೇ ತರಗತಿಯವರ ಪರೀಕ್ಷೆ ಎದುರಾಗುವುದುಂಟು. 2025ರಲ್ಲಿ ಹೋಳಿ ಮಾರ್ಚ್ 14ಕ್ಕೆ ಬಂದರೆ ಎಸ್ಸೆಸ್ಸೆಲ್ಸಿ ಮಾರ್ಚ್ 21ಕ್ಕೆ ಶುರುವಾಯಿತು. ಆ ಹೊತ್ತಿನಲ್ಲಿ ಮನೆಗೆ ತಿಳಿಯುವ ಹಿನ್ನಡೆಯನ್ನು ಸರಿಪಡಿಸಲು ಸಮಯವಿರುವುದಿಲ್ಲ. ಆದ್ದರಿಂದ ಪಾಲಕರಿಗೆ ಹೆಚ್ಚು ಉಪಯೋಗವಾಗುವುದು ಏಪ್ರಿಲ್‌ನ ಫಲಿತಾಂಶವಲ್ಲ, ದಸರೆಯ ಹೊತ್ತಿಗೆ ಬರುವ ಮೊದಲ ಅವಧಿಯ ಪತ್ರ. ಗಣಿತದಲ್ಲೋ ಇಂಗ್ಲಿಷಿನಲ್ಲೋ ಹಿಂದೆ ಬಿದ್ದ ಮಗುವಿಗೆ ವಿಶೇಷ ತರಗತಿ ನಡೆಸಲು ಶಾಲೆಗೂ, ಹಾಜರಾತಿ ಸರಿಪಡಿಸಲು ಮನೆಗೂ ಆಗ ನಾಲ್ಕೈದು ತಿಂಗಳು ಸಿಗುತ್ತವೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರ ಅಭಿಪ್ರಾಯದ ಜೊತೆ ವಿದ್ಯಾರ್ಥಿಯ ಸ್ವಂತ ಮೌಲ್ಯಮಾಪನ ಮತ್ತು ಸಹಪಾಠಿಗಳ ಮಾತನ್ನೂ ಒಳಗೊಂಡ ಸಮಗ್ರ ಪ್ರಗತಿ ಪತ್ರವನ್ನು ಮುಂದಿಟ್ಟಿದೆ. ಅದು ಮನೆ ಮತ್ತು ಶಾಲೆಗೆ ಮುಖ್ಯ ಕೊಂಡಿಯಾಗಬೇಕೆಂದೂ ಹೇಳಿದೆ. ಕರ್ನಾಟಕ ತನ್ನದೇ ರಾಜ್ಯ ಶಿಕ್ಷಣ ನೀತಿಗಾಗಿ ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗವನ್ನು ನೇಮಿಸಿತು. ಕಾರ್ಡಿನ ರೂಪ ಮುಂದೆ ಹೇಗೇ ಬದಲಾದರೂ, ಪಾಲಕರಿಗೆ ಅದು ಪ್ರಯೋಜನಕ್ಕೆ ಬರಲು ಮೂರು ಸಂಗತಿಗಳು ಬೇಕು: ಅವರಿಗೆ ತಿಳಿಯುವ ಮಾತು, ಅವರು ಬರಬಲ್ಲ ದಿನ, ಹಿನ್ನಡೆಯನ್ನು ಸರಿಪಡಿಸಲು ಉಳಿದಿರುವ ಕಾಲ.