ನರ್ಸಿಂಗ್ ಓದಿಗೆ ಹೊರಟ ಮಕ್ಕಳು: ತೋಟದ ಮನೆಯವರು ಮಾಡಬೇಕಾದ ಸಿದ್ಧತೆ

ಕಾಫಿಗೆ ಹೂಮಳೆ ಬಿದ್ದು, ಅಡಿಕೆ ತೋಟಕ್ಕೆ ನೀರು ಹಾಯಿಸುವ ಚಿಂತೆ ನಡೆದಿರುವಾಗಲೇ ಪಿ.ಯು.ಸಿ. ಫಲಿತಾಂಶವೂ ಬರುತ್ತದೆ. ಆಗ ನಮ್ಮ ಸದಸ್ಯರ ಮನೆಗಳಲ್ಲಿ ಏಳುವ ಪ್ರಶ್ನೆಗಳಲ್ಲಿ ನರ್ಸಿಂಗ್ ಓದಿನದೂ ಒಂದು. ಗೊಬ್ಬರ, ಔಷಧಿ, ಧಾರಣೆಗಳ ವಿಷಯ ಬರುವ ಈ ಪುಟಗಳಲ್ಲಿ ಇದೇಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ.

ನಮಗೆ ಪರಿಚಯದ ಸಣ್ಣ ಬೆಳೆಗಾರರೊಬ್ಬರ ಮಗಳು ಬಿ.ಎಸ್‌ಸಿ. ನರ್ಸಿಂಗ್ ಸೇರಿದ್ದಳು. ಓದಿನಲ್ಲಿ ಹಿಂದೆ ಬಿದ್ದವಳಲ್ಲ. ಶುಲ್ಕವೂ ಬಾಕಿ ಇರಲಿಲ್ಲ. ಆದರೆ ಕೊಯಿಲಿಗೆ ಆಳು ಸಿಗಲಿಲ್ಲವೆಂದು ಒಂದು ವಾರ, ಅಜ್ಜಿಗೆ ಮೈ ಸರಿಯಿಲ್ಲವೆಂದು ನಾಲ್ಕು ದಿನ, ನೆಂಟರ ಮದುವೆ, ದೇವರ ಕಾರ್ಯ ಎಂದು ಮತ್ತಷ್ಟು ದಿನ ಮನೆಯವರು ಅವಳನ್ನು ಕರೆಸಿಕೊಂಡರು. ಹಾಜರಿ ಸಾಲದೆ ಆ ಸಲ ಪರೀಕ್ಷೆಗೆ ಕೂರಲಾಗಲಿಲ್ಲ. "ಎರಡು ದಿನಕ್ಕೆ ಬಂದು ಹೋಗು ಮಗಾ ಅಂತ ಕರೆದವನು ನಾನೇ. ಅವಳು ಡ್ಯೂಟಿ ಇದೆ ಅಪ್ಪಾ ಅಂದಿದ್ದಳು" ಎಂದು ಆ ತಂದೆ ನಮ್ಮೆದುರು ಹೇಳಿಕೊಂಡರು. ತಪ್ಪು ಹುಡುಗಿಯದೂ ಅಲ್ಲ, ಕಾಲೇಜಿನದೂ ಅಲ್ಲ. ಈ ಓದು ಬೇರೆ ಪದವಿಗಳಂತಲ್ಲ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಿಯಮ ಹೀಗಿದೆ. ಪರೀಕ್ಷೆಗೆ ಕೂರಲು ಪಾಠದಲ್ಲಿಯೂ ಪ್ರಾಯೋಗಿಕ ಕೆಲಸದಲ್ಲಿಯೂ ಶೇ. 80 ಹಾಜರಿ ಬೇಕು. ಪದವಿ ಕೈಗೆ ಬರಬೇಕಾದರೆ ಆಸ್ಪತ್ರೆಯ ಪ್ರಾಯೋಗಿಕ ಕೆಲಸದ ಹಾಜರಿ ಶೇ. 100 ಆಗಲೇಬೇಕು. ತಪ್ಪಿದ ಗಂಟೆಗಳನ್ನು ರಜೆಯಲ್ಲಿ ನಿಂತು ತುಂಬಿಕೊಡಬೇಕು. ಗೆಳತಿಯ ನೋಟ್ಸು ನೋಡಿ ಪಾಠವನ್ನು ಸರಿಮಾಡಿಕೊಳ್ಳಬಹುದು, ವಾರ್ಡಿನ ಗಂಟೆಗಳನ್ನು ಹಾಗೆ ಸರಿಮಾಡಲು ಬರುವುದಿಲ್ಲ. ಆದುದರಿಂದ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕೊಯಿಲಿನ ಲೆಕ್ಕದಲ್ಲಿ ಈ ಮಕ್ಕಳನ್ನು ಸೇರಿಸಿಕೊಳ್ಳದಿರುವುದೇ ಮನೆಯವರು ಮಾಡಬೇಕಾದ ಮೊದಲ ಸಿದ್ಧತೆ.

ಬಿ.ಎಸ್‌ಸಿ. ನರ್ಸಿಂಗ್ 4 ವರ್ಷದ್ದು. ಇದಕ್ಕೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಸಾಮಾನ್ಯ ವರ್ಗದವರಿಗೆ ಶೇ. 45 ಅಂಕ ಬೇಕು. ಜಿ.ಎನ್.ಎಂ. ಡಿಪ್ಲೊಮಾ 3 ವರ್ಷದ್ದು, ಕಲಾ ವಿಭಾಗದವರಿಗೂ ಅವಕಾಶವುಂಟು. ಗಂಡುಮಕ್ಕಳೂ ಸೇರಬಹುದು, ಸೇರುತ್ತಲೂ ಇದ್ದಾರೆ.

ಸೀಟು ಕೊಡಿಸುತ್ತೇನೆಂದು ಮನೆ ಬಾಗಿಲಿಗೆ ಬರುವವರ ವಿಷಯದಲ್ಲಿ ಎಚ್ಚರ ಅಗತ್ಯ. ಅಡಿಕೆಯ ರಾಶಿಯನ್ನು ನೋಡದೆ ಧಾರಣೆ ಹೇಳುವ ದಲ್ಲಾಳಿಯನ್ನು ನಾವು ನಂಬುವುದಿಲ್ಲ. ಕಾಲೇಜನ್ನು ಮಾತ್ರ ಬಣ್ಣದ ಪುಸ್ತಿಕೆ ನೋಡಿ ಒಪ್ಪಿಬಿಡುತ್ತೇವೆ. ಪದವಿ ಕಾಲೇಜಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಆ ವರ್ಷಕ್ಕೆ ಇದೆಯೇ, ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ಮಾನ್ಯತೆ ಇದೆಯೇ ಎಂದು ಕೇಳಿ ತಿಳಿಯಬೇಕು. ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ: ಮಕ್ಕಳು ಕೆಲಸ ಕಲಿಯುವ ಆಸ್ಪತ್ರೆ ಯಾವುದು, ಅಲ್ಲಿ ಎಷ್ಟು ಹಾಸಿಗೆ? ಒಬ್ಬ ವಿದ್ಯಾರ್ಥಿಗೆ 3 ರೋಗಿಗಳಾದರೂ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಸಾಧ್ಯವಾದರೆ ಒಂದು ಬೆಳಿಗ್ಗೆ ಆ ಆಸ್ಪತ್ರೆಗೆ ಹೋಗಿ ವಾರ್ಡುಗಳಲ್ಲಿ ರೋಗಿಗಳಿದ್ದಾರೆಯೇ ಎಂದು ಕಣ್ಣಾರೆ ನೋಡಿ ಬರುವುದು ಒಳ್ಳೆಯದು. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ಕೊಟ್ಟಾಗ ರಸೀದಿ ಪಡೆಯಿರಿ.

ಹಣದ ವಿಷಯ ನಮ್ಮವರಿಗೆ ವಿಶೇಷವಾಗಿ ತೊಡಕಿನದು. ಪ್ರವೇಶದ ಶುಲ್ಕ ಕಟ್ಟುವ ಕಾಲ ಸಾಮಾನ್ಯವಾಗಿ ಮಳೆಗಾಲದಲ್ಲಿ ಬರುತ್ತದೆ. ಆಗ ತೋಟದಿಂದ ಬರುವುದೇನೂ ಇಲ್ಲ. ಮೈಲುತುತ್ತ, ಸುಣ್ಣ, ಕೊನೆಗೌಡರ ಕೂಲಿ ಎಂದು ಹೋಗುವುದೇ ಹೆಚ್ಚು. ಕೈಗಡಕ್ಕೆ ಹೆಚ್ಚಿನ ಬಡ್ಡಿ ಬೀಳುವುದು ಆಗಲೇ. ಬೆಳೆ ಮಾರಿದ ಕೂಡಲೇ ಮುಂದಿನ ಕಂತನ್ನು ಬೇರೆ ಠೇವಣಿಯಾಗಿ ಇರಿಸುವುದು ಕ್ಷೇಮ. ಕಾಲೇಜು ಹೇಳುವ ಶುಲ್ಕವಲ್ಲದೆ ಸಮವಸ್ತ್ರ, ಷೂ, ರೆಕಾರ್ಡ್ ಪುಸ್ತಕ, ಪರೀಕ್ಷಾ ಶುಲ್ಕ, ಹಾಸ್ಟೆಲ್, ಊಟ, ಬೇರೆ ಆಸ್ಪತ್ರೆಗಳಿಗೆ ಹೋಗಿಬರುವ ಬಸ್ಸು ಖರ್ಚು ಇವನ್ನೂ ಬರೆದು ಕೂಡಿಸಬೇಕು. ಬ್ಯಾಂಕಿನ ಶಿಕ್ಷಣ ಸಾಲ 4 ಲಕ್ಷದವರೆಗೆ ಅಡಮಾನವಿಲ್ಲದೆ ದೊರೆಯುತ್ತದೆ. ತೋಟದ ಪತ್ರ ಇಡಬೇಕಾಗಿಲ್ಲ. ರಾಜ್ಯ ಸರ್ಕಾರ 2021ರಲ್ಲಿ ಆರಂಭಿಸಿದ ರೈತ ವಿದ್ಯಾನಿಧಿಯ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಇನ್ನು ಮಕ್ಕಳು ಮಾಡಿಕೊಳ್ಳಬೇಕಾದ ತಯಾರಿ. ಪಾಠ, ಪರೀಕ್ಷೆಗಳೆಲ್ಲ ಇಂಗ್ಲಿಷಿನಲ್ಲಿ. ಮೊದಲ ಸೆಮಿಸ್ಟರಿನಲ್ಲಿಯೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರಗಳ ಹೊಸ ಪದಗಳು ರಾಶಿಯಾಗಿ ಬಂದು ಬೀಳುತ್ತವೆ. ಕನ್ನಡ ಮಾಧ್ಯಮದ ಮಕ್ಕಳು ಬೇಸಿಗೆಯಲ್ಲಿಯೇ ದಿನಕ್ಕೆ ಹತ್ತು ಪದ, ಮೂಳೆಗಳ ಹೆಸರಿನಿಂದ ಮೊದಲುಮಾಡಿ, ಕಲಿತಿಟ್ಟುಕೊಂಡರೆ ಮೊದಲ ತಿಂಗಳ ಅಳು ಅರ್ಧ ಕಡಿಮೆಯಾದೀತು. ವಾರ್ಡಿನಲ್ಲಿ ಮಾತ್ರ ನಮ್ಮ ಮಕ್ಕಳ ಕನ್ನಡವೇ ಬಂಡವಾಳ. ಹಳ್ಳಿಯ ಅಜ್ಜಿ "ಒಡಲು ಉರಿ" ಎಂದರೆ ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಲೆಕ್ಕಕ್ಕೆ ಹೆದರುವವರುಂಟು. ಇಲ್ಲಿ ಅಪ್ಪನೇ ಗುರುವಾಗಬಹುದು. ಶೇ. 1ರ ಬೋರ್ಡೋ ದ್ರಾವಣವೆಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತ, ಅಂದರೆ ಲೀಟರಿಗೆ 10 ಗ್ರಾಂ. ಶೇ. 1 ಎಂದು ಬರೆದ ಚುಚ್ಚುಮದ್ದಿನಲ್ಲಿಯೂ ಅದೇ ಲೆಕ್ಕ: 1 ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಔಷಧಿ. 2 ಮಿಲಿಲೀಟರಿನಲ್ಲಿ 500 ಮಿಲಿಗ್ರಾಂ ಇರುವ ಸೀಸೆಯಿಂದ 250 ಮಿಲಿಗ್ರಾಂ ಕೊಡಬೇಕಾದರೆ ಎಷ್ಟು ಎಳೆಯಬೇಕೆಂದು ಊಟದ ಹೊತ್ತಿನಲ್ಲಿ ಕೇಳಿ ನೋಡಿ. ದ್ರಾವಣದ ಅಳತೆ ತಪ್ಪಿದರೆ ಕೊಳೆರೋಗ ತಡೆಯದೆ ಒಂದು ಫಸಲು ಹೋಗಬಹುದು. ವಾರ್ಡಿನಲ್ಲಿ ಅಳತೆ ತಪ್ಪಿದರೆ ಏನಾಗುವುದೆಂದು ಬರೆಯಬೇಕಾಗಿಲ್ಲ.

ಹೆಪಟೈಟಿಸ್ ಬಿ ಲಸಿಕೆಯನ್ನು ಕಾಲೇಜು ಹೇಳುವವರೆಗೆ ಕಾಯಬೇಡಿ. ಹಸುಗೂಸಾಗಿದ್ದಾಗ ಹಾಕಿಸಿದ ಕಾರ್ಡು ಇದ್ದರೆ ವೈದ್ಯರಿಗೆ ತೋರಿಸಿ. ಇಲ್ಲವಾದರೆ ಮೂರು ಚುಚ್ಚುಮದ್ದು ಬೇಕು: ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮೇ ತಿಂಗಳಲ್ಲಿ ಆರಂಭಿಸಿದರೆ ನವೆಂಬರಿಗೆ ಮುಗಿಯುತ್ತದೆ.

ಮೊದಲ ದಿನಗಳಲ್ಲಿ ಹುಣ್ಣು ನೋಡಿ ತಲೆ ತಿರುಗುವುದು, ಊಟ ಸೇರದಿರುವುದು, ಮೊದಲ ಸಾವು ಕಂಡ ರಾತ್ರಿ ನಿದ್ದೆ ಬಾರದಿರುವುದು ಎಲ್ಲರಿಗೂ ಇದ್ದದ್ದೇ. ಫೋನಿನಲ್ಲಿ ಅತ್ತರೆ "ಹಾಗಾದರೆ ಬಂದುಬಿಡು" ಎಂದು ಅವಸರಪಡುವುದೂ ಬೇಡ, "ನೀನೇ ಆರಿಸಿಕೊಂಡದ್ದು" ಎಂದು ಗದರುವುದೂ ಬೇಡ. ಕೇಳಿಸಿಕೊಂಡರೆ ಸಾಕು. ಆದರೆ ಒಂದು ಮಾತನ್ನು ಹೊರಡುವ ಮುನ್ನವೇ ಹೇಳಿ ಕಳುಹಿಸಬೇಕು. ಬಳಸಿದ ಸೂಜಿ ಕೈಗೆ ಚುಚ್ಚಿದರೆ ಬೈಗುಳಕ್ಕೆ ಅಂಜಿ ಮುಚ್ಚಿಡಬಾರದು. ಸೋಪು ನೀರಿನಲ್ಲಿ ತೊಳೆದು ಕೂಡಲೇ ವಾರ್ಡಿನ ಸಿಸ್ಟರಿಗೆ ತಿಳಿಸಬೇಕು. ಎಚ್.ಐ.ವಿ. ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಆರಂಭಿಸಲೇಬೇಕು, ಮೊದಲ ಎರಡು ಗಂಟೆಯಲ್ಲಾದರೆ ಇನ್ನೂ ಒಳ್ಳೆಯದು.

ರಾತ್ರಿ ಡ್ಯೂಟಿಯ ವಾರಗಳಲ್ಲಿ ಮಕ್ಕಳು ಮಲಗುವುದೇ ನಾವು ಕಾಫಿ ಕುಡಿದು ತೋಟಕ್ಕೆ ಹೊರಡುವ ಹೊತ್ತಿಗೆ. ಗುಡ್ಡದ ಮೇಲೆ ಸಿಗ್ನಲ್ ಸಿಕ್ಕಿತೆಂದು ಬೆಳಿಗ್ಗೆ ಒಂಬತ್ತಕ್ಕೆ ಫೋನು ಮಾಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಆ ವಾರಗಳಲ್ಲಿ ಸಂಜೆ ಐದರ ಮೇಲೆ ಗುಡ್ಡ ಹತ್ತಿದರೆ ಅವರಿಗೂ ಅನುಕೂಲ.