ಕೋತಿಗಳ ಅಂತಸ್ತು ಮತ್ತು ರೋಗನಿರೋಧಕ ಶಕ್ತಿ

ರೀಸಸ್ ಕೋತಿಗಳ ಗುಂಪಿನಲ್ಲಿ ಪ್ರತಿಯೊಂದು ಹೆಣ್ಣಿಗೂ ಒಂದು ಅಂತಸ್ತಿರುತ್ತದೆ. ಮೇಲಿನದು ಬಂದರೆ ಕೆಳಗಿನದು ಜಾಗ ಬಿಟ್ಟು ಸರಿಯಬೇಕು. ಬೆದರಿಕೆ, ಕಡಿತ, ಅಟ್ಟುವಿಕೆ ಹೆಚ್ಚು ಬೀಳುವುದು ಕೆಳಗಿನದರ ಪಾಲಿಗೆ. ಇನ್ನೊಂದು ಕೋತಿಯಿಂದ ಮೈ ಹೆಕ್ಕಿಸಿಕೊಳ್ಳುವ ನೆಮ್ಮದಿ ಅದಕ್ಕೆ ಸಿಗುವುದು ಅಪರೂಪ. ಸಹಜವಾಗಿ ಈ ಅಂತಸ್ತು ತಾಯಿಯಿಂದ ಮಗಳಿಗೆ ಬರುತ್ತದೆ. ಹೀಗಾಗಿ ಕೆಳಗಿನ ಕೋತಿಯ ಆರೋಗ್ಯ ಕೆಟ್ಟರೆ ಅದಕ್ಕೆ ಅಂತಸ್ತು ಕಾರಣವೋ ಹುಟ್ಟುಗುಣ ಕಾರಣವೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ಈ ಗಂಟನ್ನು ಬಿಡಿಸಿದ್ದು ಅಮೆರಿಕದ ಯರ್ಕ್ಸ್ ಸಂಶೋಧನಾ ಕೇಂದ್ರದ ಕೋತಿಗಳ ಮೇಲೆ ಜೆನ್ನಿ ಟಂಗ್, ನೋವಾ ಸ್ನೈಡರ್-ಮ್ಯಾಕ್ಲರ್ ಮತ್ತು ಸಂಗಡಿಗರು ನಡೆಸಿ, 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ. ಪರಸ್ಪರ ಪರಿಚಯವಿಲ್ಲದ 45 ಹೆಣ್ಣುಗಳನ್ನು ಐದೈದರ ಗುಂಪುಗಳಾಗಿ, ಒಂದೊಂದಾಗಿ ಒಳಗೆ ಬಿಡಲಾಯಿತು. ಮೊದಲು ಬಂದದ್ದು ಮೇಲೇರಿತು, ತಡವಾಗಿ ಬಂದದ್ದು ಕೆಳಗುಳಿಯಿತು. ಇವುಗಳ ರಕ್ತಕ್ಕೆ ಬ್ಯಾಕ್ಟೀರಿಯಾದ ಹೊರಕವಚದ ಅಂಶವೊಂದನ್ನು ಬೆರೆಸಿದಾಗ, ಕೆಳಗಿನ ಕೋತಿಗಳಲ್ಲಿ ಉರಿಯೂತ ಎಬ್ಬಿಸುವ ಜೀನ್‌ಗಳು ಹೆಚ್ಚು ಚುರುಕಾದವು. ಮೇಲಿನವುಗಳಲ್ಲಿ ವೈರಸ್ ಎದುರಿಸುವ ಜೀನ್‌ಗಳು ಮುಂದಾದವು. ಆದ್ದರಿಂದ ಕೆಳ ಅಂತಸ್ತಿನ ಒತ್ತಡದಿಂದ ರೋಗನಿರೋಧಕ ಶಕ್ತಿ ಕುಂದುತ್ತದೆ ಎಂದಷ್ಟೇ ಹೇಳಿದರೆ ಸಾಲದು. ಒತ್ತಡ ಅದರ ದಾರಿಯನ್ನೇ ಬದಲಿಸುತ್ತದೆ. ಉರಿಯೂತ ಗಾಯದ ಸೋಂಕನ್ನು ತಡೆಯಬಲ್ಲದು, ಆದರೆ ಬಹುಕಾಲ ಉಳಿದರೆ ದೇಹದ ಸ್ವಂತ ಅಂಗಾಂಶಗಳನ್ನೇ ಸುಡುತ್ತದೆ.

ಪ್ರಯೋಗದ ತಿರುಳು ಮುಂದಿನ ಹಂತದಲ್ಲಿದೆ. ಗುಂಪುಗಳನ್ನು ಕಲಸಿ ಹೊಸದಾಗಿ ಕಟ್ಟಿದಾಗ ಹಲವು ಕೋತಿಗಳ ಅಂತಸ್ತು ಬದಲಾಯಿತು. ಬಿಳಿ ರಕ್ತಕಣಗಳ ಜೀನ್‌ಗಳ ನಡವಳಿಕೆಯೂ ಹೊಸ ಅಂತಸ್ತನ್ನೇ ಹಿಂಬಾಲಿಸಿತು. ಹುಟ್ಟುಗುಣವೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಇಲ್ಲಿ ಒತ್ತಡದ ಹಾರ್ಮೋನುಗಳಿಗೂ ಪಾತ್ರವಿದೆ. ಅವುಗಳಲ್ಲೊಂದಾದ ಕಾರ್ಟಿಸಾಲ್ ಸಾಮಾನ್ಯವಾಗಿ ಉರಿಯೂತವನ್ನು ತಣಿಸುತ್ತದೆ. ಆದರೆ ನೆಲೆಗೊಂಡ ಇಲಿಗಳ ಪಂಜರಕ್ಕೆ ಜಗಳಗಂಟ ಇಲಿಯೊಂದನ್ನು ದಿನವೂ ಬಿಟ್ಟರೆ, ಸೋತ ಇಲಿಗಳ ಗುಲ್ಮದಲ್ಲಿರುವ ರಕ್ಷಣಾ ಕಣಗಳು ಇಂಥ ಹಾರ್ಮೋನಿನ ಅಪ್ಪಣೆಗೆ ಕಿವುಡಾಗುತ್ತವೆ. ಹಾರ್ಮೋನು ಇದ್ದರೂ ಉರಿಯೂತ ತಣಿಯುವುದಿಲ್ಲ.

ಹಾರ್ಮೋನಿನ ಮಟ್ಟವೊಂದೇ ಎಲ್ಲವನ್ನೂ ವಿವರಿಸಲಾರದು. ಕೆನ್ಯಾದ ಅಂಬೊಸೆಲಿಯ ಬಬೂನ್‌ಗಳಲ್ಲಿ ಗಂಡುಗಳ ಅಂತಸ್ತು ನಿರ್ಧಾರವಾಗುವುದು ಕಾದಾಟದಿಂದ. ಅಲ್ಲಿ ಮೊದಲ ಸ್ಥಾನದ ಗಂಡಿನ ಒತ್ತಡದ ಹಾರ್ಮೋನು ಎರಡನೆಯದಕ್ಕಿಂತ ಬಹಳ ಹೆಚ್ಚು. ಆದರೂ 27 ವರ್ಷಗಳ ದಾಖಲೆಗಳ ಪ್ರಕಾರ, ಮೇಲಂತಸ್ತಿನ ಗಂಡುಗಳ ಗಾಯ ಕೆಳಗಿನವುಗಳದ್ದಕ್ಕಿಂತ ಬೇಗ ಮಾಯುತ್ತದೆ.